ಮೂರನೆಯ ಓಲೆ

ಕೋಲಾರ

ವಿದೇಶ ಪ್ರವಾಸದ ಕಥೆಯನ್ನು ಏರ್‌ಪೋರ್ಟಿನಿಂದ ಶುರು ಮಾಡುವುದು ವಾಡಿಕೆ. ನನ್ನದು ಅಜ್ಜಿಯ ಕಿವಿಯಿಂದ ಶುರುವಾಗುತ್ತದೆ. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ನಮ್ಮಪ್ಪನ ತಾಯಿ ರಾಮಕ್ಕನಿಗೆ ಎಡಗಿವಿಯಲ್ಲಿ ಒಂದು ತೂತು, ಬಲಗಿವಿಯಲ್ಲಿ ಎರಡು. ಐದು ವರ್ಷದವಳಿದ್ದಾಗ, ಕಿವಿ ಚುಚ್ಚುವವನು ಬಲಗಿವಿಗೆ ಸೂಜಿ ಇಟ್ಟ ಹೊತ್ತಿಗೆ ಸರಿಯಾಗಿ ತಲೆ ಅಲ್ಲಾಡಿಸಿಬಿಟ್ಟಳಂತೆ. ತೂತು ಅಂಚಿಗೆ ಬಿತ್ತು. ಅದರ ಮೇಲೆ ಇನ್ನೊಂದು ಚುಚ್ಚಿದರು. ತಪ್ಪಿಬಿದ್ದದ್ದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಆದರೆ ಅವಳ ತಾಯಿ ಬಿಡಲಿಲ್ಲ. "ಮಗು ನೋವು ತಿಂದಾಗಿದೆ, ಅದಕ್ಕೂ ಒಂದು ಓಲೆ ಇರ್ಲಿ" ಎಂದು ಎರಡರ ಬದಲು ಮೂರು ಓಲೆ ಮಾಡಿಸಿ ಹಾಕಿದಳಂತೆ. ನಂಗಲಿಯಲ್ಲಿ ನಮ್ಮಜ್ಜಿಗೆ ಸಾಯುವವರೆಗೂ ಮೂರೋಲೆ ರಾಮಕ್ಕ ಎಂದೇ ಹೆಸರು. ಮುಪ್ಪಿನಲ್ಲಿ ಎಡಗಿವಿ ಪೂರ್ತಿ ಹೋಗಿತ್ತು. ಏನಾದರೂ ಹೇಳಬೇಕಾದರೆ ಬಲಕ್ಕೆ ಹೋಗಿ, ಆ ಎರಡು ಓಲೆಯ ಕಿವಿಗೆ ಬಾಯಿಟ್ಟು ಕೂಗಬೇಕಿತ್ತು.

ಅಜ್ಜಿಗೆ ತನ್ನ ತಾಯಿಯ ಬಗ್ಗೆ ಇದ್ದದ್ದು ಅದೊಂದೇ ನೆನಪು: ಬಟ್ಟೆ ಸುತ್ತಿದ ಬಲಗೈಯೊಂದು ತನ್ನ ಗದ್ದ ಹಿಡಿದುಕೊಂಡಿದ್ದು.

ಆ ಬಟ್ಟೆ ಯಾಕೆ ಎಂದು ಈಗಿನವರಿಗೆ ಹೇಳಬೇಕು. ನಮ್ಮ ಕಡೆಯ ಕೆಲವು ಒಕ್ಕಲು ಮನೆತನಗಳಲ್ಲಿ, ಹಿಂದೆ, ಮೊದಲ ಮಗುವಿನ ಕಿವಿ ಚುಚ್ಚುವ ಮುಂಚೆ ತಾಯಿಯಾದವಳು ತನ್ನ ಬಲಗೈಯ ಕೊನೆಯ ಎರಡು ಬೆರಳಿನ ತುದಿಯನ್ನು ದೇವರಿಗೆ ಕೊಡಬೇಕಿತ್ತು. ಕೊಡುವುದು ಎಂದರೆ ಕೊಡುವುದೇ. ಕಮ್ಮಾರನ ಉಳಿ, ಒಂದೇ ಪೆಟ್ಟು. ಆಮೇಲೆ ಸರ್ಕಾರ ಬೇಡವೆಂದಿತು, ಜನಕ್ಕೂ ಬುದ್ಧಿ ಬಂತು. ನನ್ನ ತಾಯಿಯ ಕಾಲಕ್ಕೆ ಆ ಎರಡು ಬೆರಳಿಗೆ ಹೂವಿನ ಎಸಳು ಸುತ್ತಿ, ಎಸಳನ್ನಷ್ಟೇ ಕತ್ತರಿಸುತ್ತಿದ್ದರು. ಕಾನ್ವೆಂಟಿನಲ್ಲಿ ಒಮ್ಮೆ ಇದನ್ನು ಗೆಳತಿಯೊಬ್ಬಳಿಗೆ ಹೇಳಿ, ಅವಳ ಮುಖ ನೋಡಿ, ಮತ್ತೆ ಯಾರಿಗೂ ಹೇಳಲಿಲ್ಲ.

ಕಿವಿ ಚುಚ್ಚಿದ ಮರುವರ್ಷ ಅಜ್ಜಿಯ ತಾಯಿ ಮುನಿಯಮ್ಮ, ಗಂಡ ಸತ್ತವಳು, ಚಿನ್ನದ ಗಣಿಯಲ್ಲಿ ಕೆಲಸ ಸಿಗುತ್ತಂತೆ ಎಂದು ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಹೋದಳು. ಯುಗಾದಿಗೆ ಬರ್ತೀನಿ ಅಂದಿದ್ದಳು. ಬರಲಿಲ್ಲ. ಆ ಯುಗಾದಿಗೂ ಇಲ್ಲ, ಮುಂದಿನದಕ್ಕೂ ಇಲ್ಲ. ಊರು ಬೇಗ ಒಂದು ತೀರ್ಮಾನಕ್ಕೆ ಬಂತು: ಓಡಿಹೋದಳು. ಅಜ್ಜಿ ಓಡಿಹೋದವಳ ಮಗಳಾಗಿ ಬೆಳೆದಳು, ಊರಲ್ಲೇ ಮದುವೆಯಾದಳು, ಐದು ಹೆತ್ತಳು. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆಲ್ಲ ಎಲೆ ಹಾಕಿ ಎಡೆ ಇಡುವಾಗ ಮುನಿಯಮ್ಮನಿಗೆ ಮಾತ್ರ ಎಲೆ ಇರುತ್ತಿರಲಿಲ್ಲ. ಸತ್ತದ್ದು ಗೊತ್ತಿಲ್ಲದೆ ಇಡೋದು ಹೇಗೆ? ಆ ದಿನ ಅಜ್ಜಿ ಒಂದು ಮಾತು ಹೇಳದೆ ಇರುತ್ತಿರಲಿಲ್ಲ: "ಸತ್ಲು ಅಂದ್ರೂ ತಡ್ಕೊಂಡೇನು. ನನ್ನ ಬಿಟ್ಟು ಓಡೋಗ್ಲಿಲ್ಲ ಅಂತ ಒಬ್ರು, ಒಬ್ರೇ ಒಬ್ರು ಹೇಳ್ರಪ್ಪ ನಂಗೆ."

ಹೇಳುವವರು ಯಾರೂ ಸಿಗಲಿಲ್ಲ. ಅಜ್ಜಿ ಹೋದಾಗ ನಾನು ಕೋಲಾರದ ಹಾಸ್ಟೆಲಿನಲ್ಲಿದ್ದೆ. ಸಿಸ್ಟರ್ ಬಂದು ಹೆಗಲ ಮೇಲೆ ಕೈಯಿಟ್ಟಾಗ ಇಂಗ್ಲಿಷ್ ಗ್ರಾಮರ್ ಬರೆಯುತ್ತಿದ್ದೆ. ಆ ವಾಕ್ಯ ಹಾಗೇ ಅರ್ಧಕ್ಕೆ ನಿಂತಿತು.

ಮಾಲೂರು

ನಾನು ಭೂಗೋಳದ ಟೀಚರ್ ಆಗಿದ್ದವಳು. ಆಫ್ರಿಕಾದ ಮ್ಯಾಪನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಡರ್ಬನ್ ಎಂದು ಗುರುತು ಹಾಕಿ ಪಕ್ಕದಲ್ಲಿ "ಬಂದರು, ಕಬ್ಬು" ಎಂದು ಬರೆಸುತ್ತಿದ್ದೆ. ಮೂವತ್ತು ವರ್ಷ ಬರೆಸಿದೆ. "ಮುತ್ತಜ್ಜಿ" ಎಂದು ಬರೆಸಬೇಕಿತ್ತು ಎಂದು ಗೊತ್ತಾದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ.

ಗೊತ್ತು ಮಾಡಿಸಿದವಳು ಮಾಲೂರಿನಲ್ಲಿರುವ ಶೋಭಾ, ನನ್ನ ತಮ್ಮ ನಾಣಿಯ ಮಗಳು. ಲಕ್ಕೂರಿನ ಹತ್ತಿರ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಫೇಸ್‌ಬುಕ್ಕಿನಲ್ಲಿ ಡರ್ಬನ್ನಿನ ಒಬ್ಬ ರಿಟೈರ್ಡ್ ಟೀಚರ್ ಹಾಕಿದ್ದ ಚಿತ್ರವನ್ನು ಅವಳು ನನಗೆ ಕಳಿಸಿದಳು. ಹಡಗಿನ ಹಳೇ ಪಟ್ಟಿಯ ಒಂದು ಸಾಲು. ಕಬ್ಬಿನ ಕೂಲಿಗೆ ಮದ್ರಾಸಿನಲ್ಲಿ ಹಡಗು ಹತ್ತಿದವರ ವಿವರ: ಮುನಿಯಮ್ಮ, ತಂದೆ ವೆಂಕಟಪ್ಪ, ಊರು ನಂಗಲಿ, ತಾಲೂಕು ಮುಳಬಾಗಿಲು, ಜೊತೆಗೆ ಯಾರೂ ಇಲ್ಲ. ದೇಹದ ಗುರುತು: ಬಲಗೈಯ ಕೊನೆಯ ಎರಡು ಬೆರಳ ತುದಿ ಇಲ್ಲ. ಕೆಳಗೆ ಆ ಹೆಂಗಸು, ಸಾವಿತ್ರಿ ಎಂದು ಹೆಸರು, ಬರೆದಿದ್ದಳು: ಇವಳು ನನ್ನ ತಾಯಿಯ ಅಜ್ಜಿ. ಅವಳ ಕಡೆಯವರು ಯಾರಾದರೂ ಇದ್ದೀರಾ?

ಆ ಸಾಲನ್ನು ಮೂರು ಸಲ ಓದಿದೆ. ಆದರೆ ನಮ್ಮ ಸೀಮೆಯಲ್ಲಿ ಮುನಿಯಮ್ಮ ಎಂದು ಕೂಗಿದರೆ ಅರ್ಧ ಬೀದಿ ಓ ಅನ್ನುತ್ತದೆ. ವೆಂಕಟಪ್ಪನೆಂದು ಕೂಗಿದರೆ ಮಿಕ್ಕರ್ಧ. ಬೆರಳು ಕೊಟ್ಟ ತಾಯಂದಿರಂತೂ ಆಗ ಊರಿಗೆ ಹತ್ತಿಪ್ಪತ್ತು ಜನ. ಇವಳೇ ಅವಳು ಎಂದು ಹೇಳುವುದು ಹೇಗೆ?

"ಅತ್ತೆ, ಎಂಜಲು ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ," ಅಂದಳು ಶೋಭಾ.

"ಉಗುಳಿ ಅಜ್ಜಿ ಹುಡುಕೋದೇನೇ?" ಎಂದ ನಾಣಿ. ಎಪ್ಪತ್ತು ದಾಟಿದೆ. ಶ್ರೀನಿವಾಸಪುರದಲ್ಲಿ ಮಾವಿನ ತೋಟ, ಬಾಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಟೆಸ್ಟು ಬೇಡ, ನಾನೇ ಹೋಗಿ ನೋಡುತ್ತೇನೆ ಎಂದದ್ದಕ್ಕೆ ಕೆರಳಿದ. "ಅಕ್ಕಾ, ಓಡೋದೋಳ ಮರಿಮಗ ಅನ್ನಿಸ್ಕೊಂಡು ನಾನು ಸ್ಕೂಲಲ್ಲಿ ಎಷ್ಟು ಜನರ ತಲೆ ಒಡೆದಿದೀನಿ ಗೊತ್ತಾ? ಈಗ ಅಲ್ಲಿಗೇ ಹೋಗಿ, ಹೌದಪ್ಪ, ಓಡೋಗಿದ್ದೇ ನಿಜ ಅಂತ ಕೇಳ್ಕೊಂಡು ಬರ್ಬೇಕಾ?"

"ನೀನು ಬರಬೇಡ."

"ನಿನ್ನ ಒಬ್ಳನ್ನೇ ಕಳ್ಸಿ ಇಲ್ಲಿ ನಾನು ನಿದ್ದೆ ಮಾಡ್ಲಾ?"

ಸಾವಿತ್ರಿಗೆ ನಾನು ಉತ್ತರ ಬರೆದೆ. ಅವಳೂ ಬರೆದಳು. ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರವಿದೆ, ಆಗಲೇ ಬನ್ನಿ ಎಂದು ಕರೆದಳು. ಮೂರು ಓಲೆಯ ಸುದ್ದಿಯನ್ನು ಮಾತ್ರ ನಾನು ಎಲ್ಲೂ ಎತ್ತಲಿಲ್ಲ. ಸುಳಿವು ಕೊಟ್ಟು ಪ್ರಶ್ನೆ ಕೇಳಿದರೆ ಮಕ್ಕಳು ಬೇಕಾದ ಉತ್ತರವನ್ನೇ ಹೇಳುತ್ತಾರೆ. ಆಸೆಪಟ್ಟ ದೊಡ್ಡವರೂ ಅಷ್ಟೆ. ನಾಣಿಯಿಂದಲೂ ಆಣೆ ಹಾಕಿಸಿಕೊಂಡೆ.

ಹೊರಡುವ ಹಿಂದಿನ ದಿನ ನಾಣಿ ಕುರುಡುಮಲೆಯ ಗಣೇಶನಿಗೆ ಕಾಯಿ ಒಡೆಯದೆ ವಿಮಾನಕ್ಕೆ ಕಾಲಿಡುವುದಿಲ್ಲ ಎಂದು ಹಟ ಹಿಡಿದ. ಅಷ್ಟೆತ್ತರದ ದೇವರ ಮುಂದೆ ಒಡೆದ ಕಾಯಿಯ ಅರ್ಧವನ್ನು ಹೊರಗೆ ಬರುವಷ್ಟರಲ್ಲಿ ಕೋತಿ ಕಿತ್ತುಕೊಂಡಿತು. "ಶಕುನ ಹೆಂಗೆ?" ಎಂದ. ಅರ್ಧ ಉಳಿದಿದೆಯಲ್ಲ, ಒಳ್ಳೆಯದೇ ಎಂದೆ. ರಾತ್ರಿ ಮಾಲೂರಿನಲ್ಲಿ ಶೋಭಾಳ ಮನೆಯ ಹಿಂದೆಯೇ ಚೆನ್ನೈ ರೈಲು ಹಾದುಹೋಯಿತು. ಮುನಿಯಮ್ಮನನ್ನು ಕರೆದುಕೊಂಡು ಹೋದದ್ದೂ ಇದೇ ಹಳಿಯೇ ಇರಬೇಕು.

ಡರ್ಬನ್, ಇಳಿದ ದಿನ

ಶೋಭಾ ನಮ್ಮಿಬ್ಬರಿಗೂ ವೀಲ್‌ಚೇರ್ ಬುಕ್ ಮಾಡಿದ್ದಳು. ನಾನು ರಾಣಿಯ ಹಾಗೆ ಕೂತೆ. "ಕಾಲಿರೋನು ನಾನು" ಎಂದು ನಾಣಿ ಖಾಲಿ ಕುರ್ಚಿಯ ಪಕ್ಕ ನಡೆದ. ನಡುವೆ ವಿಮಾನ ಬದಲಿಸುವ, ಊರಿನಷ್ಟು ದೊಡ್ಡ ಏರ್‌ಪೋರ್ಟಿನಲ್ಲಿ ಹತ್ತೇ ನಿಮಿಷಕ್ಕೆ ಕಳೆದುಹೋದ. ಕೊನೆಗೆ ಅವನೂ ಕುರ್ಚಿಯಲ್ಲೇ ಬಂದ, ಕೋಟಿನ ಕೆಳಗೆ ಪಂಚೆ, ಮುಖದಲ್ಲಿ ಸೋತ ಪೈಲ್ವಾನನ ಕಳೆ.

ಡರ್ಬನ್ನಿನ ಕಸ್ಟಮ್ಸಿನಲ್ಲಿ ಅವನ ಬ್ಯಾಗಿನಿಂದ ಎಂಟು ಮಾವಿನಕಾಯಿ ಹೊರಬಿದ್ದವು. ನನಗೆ ಗೊತ್ತೇ ಇರಲಿಲ್ಲ. ಅಲ್ಲಿನ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, "ಸಾರಿ, ಪಾಪಾ, ಫ್ರೂಟ್ ಬಿಡುವುದಿಲ್ಲ" ಎಂದಳು.

"ಅವಳಿಗೆ ಹೇಳಕ್ಕಾ, ಶ್ರೀನಿವಾಸಪುರದ ಕಾಯಿ ಇದು ಅಂತ!"

ಹೇಳಿದೆ. ಅವಳು ತಲೆಯಾಡಿಸಿ, ಒಂದೊಂದನ್ನೇ ಎತ್ತಿ ಡಬ್ಬಕ್ಕೆ ಹಾಕಿದಳು. ಎಸೆಯಲಿಲ್ಲ, ಇಟ್ಟಳು. ನಾಣಿಗೆ ಅಷ್ಟೇ ಸಮಾಧಾನ. ರಾಗಿಹಿಟ್ಟಿನ ಪೊಟ್ಟಣವನ್ನು ಮೂಸಿ ನೋಡಿ ಬಿಟ್ಟುಕೊಟ್ಟಳು.

ಹೊರಗೆ ಸಾವಿತ್ರಿ ನಿಂತಿದ್ದಳು. ಎಪ್ಪತ್ತೆರಡು ವರ್ಷ, ಕ್ರಾಪು, ಪ್ಯಾಂಟು, ಹಣೆಯಲ್ಲಿ ಕುಂಕುಮ. ಮುಖದಲ್ಲಿ ಅಜ್ಜಿಯ ಛಾಯೆ ಹುಡುಕಿದೆ. ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಹುಡುಕುವ ಕಣ್ಣಿಗೆ ಮೋಡದಲ್ಲೂ ಮುಖ ಕಾಣುತ್ತದೆ ಎಂದು ನನ್ನನ್ನು ನಾನೇ ಗದರಿಸಿಕೊಂಡೆ.

ಅವರದು ಇಂಗ್ಲಿಷೇ ಮನೆಮಾತು. ನಾನೂ ಕಾನ್ವೆಂಟಿನವಳಲ್ಲವೇ, ಏನು ಭಯ ಎಂದುಕೊಂಡಿದ್ದೆ. ಆದರೆ ಅಲ್ಲಿ ಟ್ರಾಫಿಕ್ ಸಿಗ್ನಲ್ಲಿಗೆ ರೋಬೋ ಅನ್ನುತ್ತಾರೆ. ನನ್ನ ಮಂಡಿನೋವಿನ ಕಥೆ ಹೇಳಿದರೆ "ಶೇಮ್!" ಅಂದರು. ಇದರಲ್ಲಿ ನಾಚಿಕೆಗೇಡು ಏನಿದೆ ಎಂದು ನನಗೆ ಸ್ವಲ್ಪ ಕೋಪವೇ ಬಂತು. ಆಮೇಲೆ ತಿಳಿಯಿತು, ಅದು ನಮ್ಮ "ಅಯ್ಯೋ ಪಾಪ." "ಜಸ್ಟ್ ನೌ ಬರ್ತೀನಿ" ಎಂದು ಹೋದ ಸಾವಿತ್ರಿ ಒಂದು ಗಂಟೆ ಬಿಟ್ಟು ಬಂದಳು. ಅಲ್ಲಿ ಜಸ್ಟ್ ನೌ ಎಂದರೆ ನಮ್ಮವರು "ಇಗೋ ಬಂದೆ" ಅಂದ ಹಾಗೆ.

ಮನೆಯ ಸುತ್ತ ಎತ್ತರದ ಗೋಡೆ, ಕಿಟಕಿಗೆಲ್ಲ ಕಂಬಿ, ಹಿತ್ತಲಲ್ಲಿ ಕರಿಬೇವು. ಒಳಗೆ ಕುರ್ಚಿಯಲ್ಲಿ ಸಾವಿತ್ರಿಯ ತಾಯಿ ಕಾಂತಮ್ಮ. ತೊಂಬತ್ತನಾಲ್ಕು ವರ್ಷ. ಮುನಿಯಮ್ಮನ ಮಗನ ಮಗಳು ಅವರು. ಇಂಗ್ಲಿಷ್ ಬಿಟ್ಟರೆ ಅಡುಗೆಮನೆಯ ತೆಲುಗು ಸ್ವಲ್ಪ. ನಮ್ಮನ್ನು ನೋಡುತ್ತಲೇ "ತಿನ್ನಾರಾ?" ಎಂದು ಕೇಳಿದರು. ಊಟ ಆಯ್ತಾ ಎಂದು.

ನಾಣಿಗೆ ಜೀವ ಬಂತು. ತೆಲುಗಿನಲ್ಲಿ ಶುರುಹಚ್ಚಿಕೊಂಡ. ಅರ್ಧ ಅವರಿಗೆ ಅರ್ಥವಾಗಲಿಲ್ಲ, ಆದರೂ ಕೈ ಹಿಡಿದುಕೊಂಡು ಕೇಳಿದರು. ಮಧ್ಯಾಹ್ನ ಅಲ್ಲಿಯ ಮೆಕ್ಕೆಜೋಳದ ಹಿಟ್ಟಿನ ಗಟ್ಟಿಗಂಜಿ, ಹುಳಿ, ಬೀನ್ಸ್ ಪಲ್ಯ. ನಾಣಿ ಅದನ್ನು ಉಂಡೆ ಕಟ್ಟಿ ನುಂಗಿ, "ಬಿಳೀ ಮುದ್ದೆ ಕಣಕ್ಕಾ!" ಎಂದು ಘೋಷಿಸಿದ.

ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ: "ಇವ್ರು ನಿಜವಾಗ್ಲೂ ನಮ್ಮೋರಾದ್ರೆ ವರಸೆ ಏನಾಗುತ್ತೆ? ಅಪ್ಪನಿಗೆ ಸೋದರಮಾವನ ಮಗಳು. ಅಂದ್ರೆ ಅಪ್ಪ ಮದ್ವೆ ಆಗ್ಬಹುದಾಗಿದ್ದ ಹುಡುಗಿ! ನಮಗೆ ಚಿಕ್ಕಮ್ಮ."

ಆಗಿನ್ನೂ ನಾನು ಕಾಂತಮ್ಮನವರನ್ನು ಚಿಕ್ಕಮ್ಮ ಎಂದು ಕರೆಯಲಿಲ್ಲ. ಬಾಯಿಯ ತನಕ ಬಂದದ್ದನ್ನು ತಡೆದುಕೊಂಡೆ.

ಶನಿವಾರ, ಕಬ್ಬಿನ ದಾರಿ

ಡರ್ಬನ್ನಿನಿಂದ ಉತ್ತರಕ್ಕೆ ಹೋದರೆ ಎಡಗಡೆ ಕಬ್ಬು, ಬಲಗಡೆ ಸಮುದ್ರ. ಎರಡೂ ಒಂದೇ ಥರ ಅಲೆಯಾಡುತ್ತವೆ. ಸಾವಿತ್ರಿ ಕಾರು ಓಡಿಸುತ್ತ ನಮ್ಮನ್ನು ಹಾಳುಬಿದ್ದ ಒಂದು ಸಕ್ಕರೆ ಗಿರಣಿಗೆ ಕರೆದುಕೊಂಡು ಹೋದಳು. ಚಿಮಣಿ ಮಾತ್ರ ಉಳಿದಿದೆ. ತುಕ್ಕುಹಿಡಿದ ರೋಲರ್ ಒಂದು ಹುಲ್ಲಿನಲ್ಲಿ ಬಿದ್ದಿತ್ತು.

"ಇಲ್ಲೇ," ಎಂದಳು ಸಾವಿತ್ರಿ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಮುನಿಯಮ್ಮ ಅವರೆಲ್ಲರಿಗೂ ಗ್ರ್ಯಾನಿ. "ಗ್ರ್ಯಾನಿಯ ಎರಡು ಬೆರಳನ್ನು ಈ ಗಿರಣಿ ತಿಂದದ್ದು. ನಮ್ಮ ಮನೆಯಲ್ಲಿ ಎಲ್ಲ ಮಕ್ಕಳನ್ನೂ ಒಂದು ಸಲ ಇಲ್ಲಿಗೆ ಕರೆದು ತಂದು ತೋರಿಸುತ್ತೇವೆ. ಮರೆಯಬಾರದು ಅಂತ."

ನಾನು ನಾಣಿಯನ್ನು ನೋಡಿದೆ. ನಾಣಿ ಚಿಮಣಿ ನೋಡಿದ.

ಹಡಗು ಹತ್ತುವ ಮುಂಚೆಯೇ ಆ ಬೆರಳು ಇರಲಿಲ್ಲ ಎಂದು ಅವಳೇ ಹಾಕಿದ ಪಟ್ಟಿಯಲ್ಲಿದೆ. ಆದರೆ ಮನೆಯಲ್ಲಿ ನಾಲ್ಕು ತಲೆಮಾರು ಹೇಳಿಕೊಂಡು ಬಂದ ಕಥೆಯ ಮುಂದೆ ಕಾಗದದ ಒಂದು ಸಾಲಿಗೆ ಎಷ್ಟು ಬೆಲೆ? ಗುಮಾಸ್ತ ಆಮೇಲೆ ಸೇರಿಸಿರಬೇಕು ಎಂದು ಅವಳು ಸಮಾಧಾನ ಹೇಳಿಕೊಂಡಿದ್ದಳು.

ಸಮುದ್ರದ ದಡದಲ್ಲಿ ಕೂತು ತಿನ್ನಲು ಸಾವಿತ್ರಿ ಬನ್ನಿ ಚೌ ಎಂಬುದನ್ನು ತರಲು ಹೋದಳು. ಅರ್ಧ ಬ್ರೆಡ್ಡಿನ ತಿರುಳು ತೆಗೆದು ಗುಂಡಿ ಮಾಡಿ ಅದರೊಳಗೆ ಸಾರು ಸುರಿದು ಕೊಡುತ್ತಾರೆ. ಪಾತ್ರೆಯನ್ನೂ ತಿನ್ನಬಹುದು. ಅವಳು ಅತ್ತ ಹೋದದ್ದೇ ನಾಣಿ ಹತ್ತಿರ ಸರಿದ.

"ಅಕ್ಕಾ, ಬಾಯಿ ಬಿಡಬೇಡ."

"ಯಾಕೆ?"

"ಯಾಕೆ ಅಂದ್ರೆ? ಬಿಳೀಯೋರ ಮಿಷೀನು ಕತ್ತರಿಸ್ತು ಅಂದ್ಕೊಂಡು ಮರ್ಯಾದೆಯಾಗಿ ಅವ್ರೆ. ಇಲ್ಲಮ್ಮ, ನಾವೇ, ನಿಮ್ಮ ಸ್ವಂತ ಊರೋರೇ, ಉಳಿ ಇಟ್ಟು ಕತ್ತರಿಸಿದ್ವಿ ಅಂತೀಯಾ? ಊರಿನ ಮಾನ ಹಡಗು ಹತ್ತಿಸ್ತೀಯಾ?"

"ಹುಡುಕಿದ್ದು ಅವರು, ನಾಣಿ. ಸುಳ್ಳು ಹುಡುಕಿಕೊಂಡು ಯಾರಾದರೂ ಇಷ್ಟು ದೂರ ಬರುತ್ತಾರಾ?"

"ಬಂದಿರೋರು ನಾವು!"

ಅದೂ ನಿಜವೇ. ಅಷ್ಟರಲ್ಲಿ ಸಾವಿತ್ರಿ ವಾಪಸು ಬಂದಳು. ಬೂದು ಬಣ್ಣದ ಕೋತಿಯೊಂದು ಮರದಿಂದಿಳಿದು, ಅವಳು ತಂದಿಟ್ಟ ಬ್ರೆಡ್ಡಿನ ಮುಚ್ಚಳವನ್ನು ಎತ್ತಿಕೊಂಡು ಓಡಿತು. ನಾಣಿ ಎಲ್ಲ ಮರೆತು ಕೈ ತಟ್ಟಿದ. "ಕುರುಡುಮಲೆಯಿಂದ ಹಿಂದೇನೇ ಬಂದೈತೆ ನೋಡು!"

ನಾನು ನಗಲಿಲ್ಲ. ಸಾವಿತ್ರಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದೆ: "ಗ್ರ್ಯಾನಿ ಊರಿನಲ್ಲಿ ಯಾರನ್ನಾದರೂ ಬಿಟ್ಟು ಬಂದೆ ಅಂತ ಹೇಳುತ್ತಿದ್ದರಾ?"

"ಇಲ್ಲ," ಎಂದಳು, ಬ್ರೆಡ್ಡು ಮುರಿಯುತ್ತ. "ಊರಿನ ಸುದ್ದಿಯೇ ಎತ್ತುತ್ತಿರಲಿಲ್ಲವಂತೆ."

ಆ ಸಾರು ರುಚಿಯಾಗಿತ್ತು ಎಂದು ನಾಣಿ ಹೇಳಿದ. ನನಗೆ ಗೊತ್ತಾಗಲಿಲ್ಲ. ಹಾಗಾದರೆ ಅಜ್ಜಿ ಕಾದದ್ದು, ಎಪ್ಪತ್ತು ಯುಗಾದಿ ಕಾದದ್ದು, ನೆನಪನ್ನೇ ಇಟ್ಟುಕೊಳ್ಳದ ಒಬ್ಬಳಿಗೋಸ್ಕರವೇ?

ಭಾನುವಾರ

ಶಾಸ್ತ್ರ ಮನೆಯಲ್ಲೇ. ನಲವತ್ತು ಜನ, ಅದರಲ್ಲಿ ಮೂವತ್ತು ಜನ ಹಿತ್ತಲಲ್ಲಿ ಬೇಯುತ್ತಿದ್ದ ಮಾಂಸದ ಬಗ್ಗೆ ಮಾತಾಡುತ್ತಿದ್ದರು, ಹತ್ತು ಜನ ಕ್ರಿಕೆಟ್ಟು. ಸಾವಿತ್ರಿಯ ಸೊಸೆ ಏಳು ತಿಂಗಳ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಚುಚ್ಚುವವನು ಆಭರಣದ ಅಂಗಡಿಯ ಮುದುಕ. ಕಾಂತಮ್ಮನವರ ಕುರ್ಚಿಯನ್ನು ಎಳೆದು ಹತ್ತಿರ ತಂದರು.

ಅವರು ಅರಿಸಿನದ ದಾರವೊಂದನ್ನು ತೆಗೆದು, ಆ ತಾಯಿಯ ಬಲಗೈ ಹಿಡಿದು, ಕೊನೆಯ ಎರಡು ಬೆರಳಿಗೆ ಸುತ್ತಿದರು. ಆಮೇಲೆ ಕತ್ತರಿಯಿಂದ ದಾರವನ್ನು ಟಕ್ ಎಂದು ಕತ್ತರಿಸಿದರು.

"ಗಿರಣಿಯ ನೆನಪಿಗೆ," ಎಂದು ಸಾವಿತ್ರಿ ಪಿಸುಗುಟ್ಟಿದಳು. "ಇನ್ನು ಯಾವ ಮೆಷೀನೂ ಈ ಮಗುವಿನ ತಾಯಿಯ ಕೈ ಮುಟ್ಟದಿರಲಿ ಅಂತ."

ನನ್ನ ತಾಯಿಯ ಬೆರಳು, ಅದಕ್ಕೆ ಸುತ್ತಿದ ಹೂವಿನ ಎಸಳು ಕಣ್ಣ ಮುಂದೆ ಬಂತು. ನಮ್ಮವರೇ, ಅನುಮಾನವಿಲ್ಲ. ಆದರೆ ನಮ್ಮ ಸೀಮೆಯವರು ಎನ್ನುವುದಕ್ಕೂ ನಮ್ಮಜ್ಜಿಯ ತಾಯಿ ಎನ್ನುವುದಕ್ಕೂ ನಡುವೆ ಇನ್ನೂ ಒಂದು ಸಮುದ್ರವಿತ್ತು.

ಮುದುಕ ಸೂಜಿ ಎತ್ತಿಕೊಂಡ. "ವೆಯ್ಟ್," ಎಂದರು ಕಾಂತಮ್ಮ. "ಮೊದಲು ದೊಡ್ಡವಳಿಗೆ."

ಸಾವಿತ್ರಿ ಒಳಗಿನಿಂದ ಹಳೇ ಟಾಫಿ ಡಬ್ಬಿಯೊಂದನ್ನು ತಂದಳು. ಕಾಂತಮ್ಮ ಸೆರಗಿನ ಗಂಟಿನಿಂದ ಚಿಕ್ಕ ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡರು. ಹೊಸ ಪುಟ್ಟ ಓಲೆಗಳು. ಒಂದು, ಎರಡು.

ಮೂರು.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಮೂರೇ.

"ಮೂರು ಯಾಕೆ?" ಎಂದು ಕೇಳಿದೆ.

"ಗೊತ್ತಿಲ್ಲ, ಗ್ರ್ಯಾನಿಯ ರೂಲ್," ಎಂದಳು ಸಾವಿತ್ರಿ. "ಮನೆಯಲ್ಲಿ ಯಾವ ಹೆಣ್ಣುಮಗುವಿನ ಕಿವಿ ಚುಚ್ಚಿದರೂ ಮೊದಲು ದೊಡ್ಡವಳ ಹೆಸರಿನಲ್ಲಿ ಮೂರು ಓಲೆ ಎತ್ತಿಡಬೇಕು. ದೊಡ್ಡವಳು ಅಂದರೆ ಹಡಗಿನಲ್ಲಿ ಸತ್ತುಹೋದ ಕೂಸು. ಗ್ರ್ಯಾನಿ ಡಬ್ಬಿ ತೆಗೆದಾಗಲೆಲ್ಲ ಅಳುತ್ತಿದ್ದಳಂತೆ, ಆದ್ದರಿಂದ ನಮಗೆ ಹಾಗೆ ಗೊತ್ತು."

ಡಬ್ಬಿಯಲ್ಲಿ ಬಟ್ಟೆಯ ಪುಟ್ಟ ಗಂಟುಗಳಿದ್ದವು. ಒಂದೊಂದನ್ನೂ ಬಿಚ್ಚಿದೆ. ಹಿತ್ತಾಳೆಯ ಮೂರು. ಬೆಳ್ಳಿಯ ಮೂರು. ಚಿನ್ನದ ಮೂರು. ಯಾರೂ ಒಂದು ದಿನವೂ ಹಾಕಿಕೊಳ್ಳದ ಓಲೆಗಳು.

ಹಿಂದೆ ದಬ್ ಎಂದು ಸದ್ದಾಯಿತು. ನಾಣಿ ಎದ್ದು ನಿಂತಿದ್ದ, ತಟ್ಟೆ ನೆಲದ ಮೇಲಿತ್ತು. "ಅಕ್ಕಾ, ಹೇಳೇ! ಸತ್ತಿಲ್ಲ ಅಂತ ಹೇಳೇ ಅವ್ರಿಗೆ! ನನ್ನ ಇಂಗ್ಲಿಷಲ್ಲಿ ಆಗಲ್ಲ ಕಣೇ!"

ಹೇಳಿದೆ. ಕೂಸು ಹಡಗನ್ನೇ ಹತ್ತಿರಲಿಲ್ಲ. ಪಟ್ಟಿಯಲ್ಲಿ ಮುನಿಯಮ್ಮ ಒಬ್ಬಳೇ ಎಂದು ಬರೆದಿದೆ, ಅದು ಸರಿ. ದೊಡ್ಡವಳ ಹೆಸರು ರಾಮಕ್ಕ. ಬಲಗಿವಿಗೆ ಎರಡು, ಎಡಗಿವಿಗೆ ಒಂದು. ಚುಚ್ಚುವಾಗ ತಲೆ ಅಲ್ಲಾಡಿಸಿದ್ದಕ್ಕೆ. ಅವಳು ನಮ್ಮ ಅಜ್ಜಿ. ಎಪ್ಪತ್ತೈದು ವರ್ಷ ಬದುಕಿದಳು. ಹುಳಿ ಮಾವಿನಕಾಯಿ ಕದ್ದದ್ದಕ್ಕೆ ಇವನಿಗೆ ಮುದ್ದೆಕೋಲಿನಲ್ಲಿ ಹೊಡೆದಿದ್ದಾಳೆ.

ಮಾಂಸದ ಮಾತೂ ನಿಂತಿತು. ಕಾಂತಮ್ಮ ನನ್ನ ಕೈ ಹಿಡಿದುಕೊಂಡರು.

"ಬದುಕಿದ್ದಳಾ?"

"ಬದುಕಿದ್ದಳು, ಚಿಕ್ಕಮ್ಮ." ಆ ಪದ ತಾನಾಗಿ ಹೊರಬಂತು.

"ಮಕ್ಕಳು?"

"ಐದು."

"ಕೊನೆಗೆ ಹಲ್ಲಿತ್ತಾ?"

"ಇತ್ತು. ಹುರಿಗಡಲೆ ತಿನ್ನುತ್ತಿದ್ದಳು."

"ಗ್ರ್ಯಾನಿಗೂ ಇತ್ತು," ಎಂದು ಕಾಂತಮ್ಮ ಸೊಸೆಯಂದಿರ ಕಡೆ ತಿರುಗಿ ಗೆದ್ದವರಂತೆ ನೋಡಿದರು. ಆಮೇಲೆ ಅತ್ತರು. ಅತ್ತದ್ದು ಸ್ವಲ್ಪವೇ. ತೊಂಬತ್ತನಾಲ್ಕರಲ್ಲಿ ಕಣ್ಣೀರೂ ಮಿತವಾಗಿ ಬರುತ್ತದೆ.

ಉಳಿದದ್ದನ್ನು ಅವರು ಹೇಳಿದರು. ಗಣಿಗೆ ಎಂದು ರೈಲು ಹತ್ತಿಸಿದರಂತೆ. ಇಳಿದಾಗ ಎದುರಿಗೆ ಸಮುದ್ರ. ಐದು ವರ್ಷದ ಕರಾರು ಮುಗಿಯುವ ಹೊತ್ತಿಗೆ ಅವಳಿಗೆ ಇಲ್ಲೊಬ್ಬ ಗಂಡ, ಕಂಕುಳಲ್ಲಿ ಮಗ. ಎರಡು ಸಲ ಊರಿಗೆ ಯಾರ ಕೈಲೋ ಕಾಗದ ಬರೆಸಿದ್ದಳು, ಉತ್ತರ ಬರಲಿಲ್ಲ. ಆಮೇಲೆ ಊರಿನ ಮಾತೇ ಎತ್ತಲಿಲ್ಲ. ನಂಗಲಿಯಲ್ಲಿ ಆಗ ಓದಬಲ್ಲವರು ಯಾರಿದ್ದರು, ಆ ಕಾಗದ ಯಾವ ಜಂತೆಯ ಸಂದಿನಲ್ಲಿ ಉಳಿಯಿತೋ ನನಗೂ ಗೊತ್ತಿಲ್ಲ.

ಬೆರಳಿನ ವಿಷಯ ಉಳಿದಿತ್ತು. ನಾಣಿ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. "ಹೇಳ್ಬಿಡಕ್ಕಾ," ಎಂದ ನಿಧಾನಕ್ಕೆ. "ನಮ್ಮಜ್ಜಿಗೋಸ್ಕರ ತಾನೇ ಕೊಟ್ಟಿದ್ದು."

ಗಿರಣಿಯಲ್ಲ, ಊರಿನ ಉಳಿ ಎಂದು ಹೇಳುವಾಗ ಕಾನ್ವೆಂಟಿನ ಗೆಳತಿಯ ಮುಖ ನೆನಪಾಗಿ ನನ್ನ ಇಂಗ್ಲಿಷ್ ತೊದಲಿತು. ಸಾವಿತ್ರಿ ಕತ್ತರಿಸಿದ ಅರಿಸಿನದ ದಾರವನ್ನು ಎತ್ತಿಕೊಂಡಳು. ಮಕ್ಕಳನ್ನೆಲ್ಲ ಆ ರೋಲರ್ ಮುಂದೆ ನಿಲ್ಲಿಸಿದವಳು ಅವಳು. ಅವಳಿಗೆ ನೋವಾಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕಾಂತಮ್ಮ ತಲೆಯಾಡಿಸುತ್ತಿದ್ದರು.

"ಚಿಕ್ಕವಳಿದ್ದಾಗ ಆ ಮೋಟುಬೆರಳು ಹಿಡಿದುಕೊಂಡೇ ಮಲಗುತ್ತಿದ್ದೆ. ಎಲ್ಲಿ ಹೋಯಿತು ಅಂತ ಕೇಳಿದರೆ ಒಂದೇ ಮಾತು, ‘ಇಚ್ಚೇಸಿನಾ.’ ಕೊಟ್ಟುಬಿಟ್ಟೆ ಅಂತ. ಗಿರಣಿ ಅಂತ ಅವಳು ಯಾವತ್ತೂ ಹೇಳಲಿಲ್ಲ. ನಾವು ಹೇಳಿದ್ದು." ಸಾವಿತ್ರಿಯ ಕೈ ತಟ್ಟಿ ಅಂದರು: "ಯಾರೂ ಕಿತ್ತುಕೊಂಡಿದ್ದಲ್ಲ, ಹಾಗಾದರೆ. ಒಳ್ಳೆಯದಾಯಿತು."

ಮಗು ಇಷ್ಟೂ ಹೊತ್ತು ನಮ್ಮನ್ನೇ ನೋಡುತ್ತಿತ್ತು. ಮುದುಕ ಕೆಮ್ಮಿದ. ಚುಚ್ಚುವಾಗ ನಾಣಿ ಹೋಗಿ ಅದರ ಗದ್ದ ಹಿಡಿದುಕೊಂಡ. "ತಲೆ ಅಲ್ಲಾಡಿಸ್ಬೇಡಮ್ಮಾ ತಾಯಿ," ಎಂದ ಕನ್ನಡದಲ್ಲಿ. "ನಿಮ್ಮ ದೊಡ್ಡವಳ ಬುದ್ಧಿ ಕಲೀಬೇಡ."

ಹೊರಡುವಾಗ ಕಾಂತಮ್ಮ ಹಿತ್ತಾಳೆಯ ಗಂಟನ್ನು, ಮುನಿಯಮ್ಮ ತಾನೇ ಎತ್ತಿಟ್ಟ ಎಲ್ಲಕ್ಕಿಂತ ಹಳೆಯದನ್ನು, ನನ್ನ ಅಂಗೈಗೆ ಹಾಕಿ ಬೆರಳು ಮಡಿಸಿದರು. "ಇವು ಅವಳವು. ತಲುಪಿಸಿಬಿಡಿ."

ನಂಗಲಿ

ಹೈವೇ ಪಕ್ಕದ ಟೀ ಅಂಗಡಿಯ ಮುಂದೆ ನಾಣಿ ಕಾರು ನಿಲ್ಲಿಸಿದ. ಲಾರಿಗಳು ಸಾಲುಗಟ್ಟಿದ್ದವು. ಬೆಂಚಿನ ಮೇಲೆ ಅವನ ಸ್ಕೂಲಿನ ಕಾಲದ ಜೊತೆಗಾರ ಕೃಷ್ಣಪ್ಪ ಕೂತಿದ್ದ, ನಾಣಿಯಿಂದ ತಲೆ ಒಡೆಸಿಕೊಂಡವರಲ್ಲಿ ಮೊದಲನೆಯವನು. ನಾಣಿ ನೇರವಾಗಿ ಹೋಗಿ ಟೀ ಸಾಸರಿನ ಮೇಲೆ ಮೂರು ಓಲೆ ಇಟ್ಟ.

"ನೋಡ್ಲಾ. ನಮ್ಮ ಮುತ್ತಜ್ಜಿ ಓಡೋಗ್ಲಿಲ್ಲ. ಮೋಸ ಮಾಡಿ ಹಡಗು ಹತ್ತಿಸಿದ್ರು. ಸಾಯೋವರ್ಗೂ ನಮ್ಮಜ್ಜಿಗೆ ಓಲೆ ಎತ್ತಿಡ್ತಿದ್ಲು."

ಕೃಷ್ಣಪ್ಪ ಓಲೆ ನೋಡಿದ, ನಾಣಿಯನ್ನು ನೋಡಿದ. "ಓಡೋದ್ಲು ಅಂತ ಯಾರೋ ಅಂದೋರು?"

"ನೀನೇ ಕಣೋ! ಅದಕ್ಕೇ ನಿನ್ನ ತಲೆ ಒಡ್ದಿದ್ದು!"

"ಅದಾ? ನಾನು ಬುಗುರಿಗೆ ಅಂದ್ಕೊಂಡಿದ್ದೆ." ಕೃಷ್ಣಪ್ಪ ತಲೆಯ ಗಾಯದ ಗುರುತು ಸವರಿಕೊಂಡ. "ನಂಗೆ ನೆಪ್ಪೇ ಇಲ್ಲ ಕಣಪ್ಪಾ. ಅಂದಿದ್ರೆ ತಪ್ಪಾಯ್ತು. ಟೀ ಕುಡೀತೀಯಾ?"

ಅರವತ್ತು ವರ್ಷ ನಾಣಿ ಹೊತ್ತುಕೊಂಡು ಬಂದದ್ದನ್ನು ಕೃಷ್ಣಪ್ಪ ಯಾವತ್ತೋ ಎಲ್ಲೋ ಇಳಿಸಿ ಹೋಗಿದ್ದ. ನಾಣಿ ಅವನ ಗಾಯದ ಗುರುತನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಟೀ ಕುಡಿದೆವು.

ಅಜ್ಜಿಯನ್ನು ಮಣ್ಣು ಮಾಡಿದ್ದು ನಮ್ಮ ಹೊಲದಲ್ಲೇ. ಒಂದು ಚಪ್ಪಡಿ, ಅದರ ತಲೆಯ ಕಡೆ ತುಳಸಿ. ಓಲೆಗಳನ್ನು ಅಲ್ಲೇ ಹೂಳೋಣ ಎಂದ ನಾಣಿ. ಬೇಡ ಎಂದೆ ನಾನು. ಶೋಭಾಳ ಮಗಳಿಗಿರಲಿ, ಮೂರನೆಯದು ಯಾಕೆ ಎಂದು ಅವಳು ಕೇಳಲಿ. ಈ ಅಮಾವಾಸ್ಯೆಗೆ ಮುನಿಯಮ್ಮನಿಗೂ ಒಂದು ಎಲೆ ಬೀಳುತ್ತದೆ. ಇಷ್ಟು ಹೊತ್ತಿಗೆ ಅವಳು ಸತ್ತಿದ್ದಾಳೆ ಎಂದು ನಮಗೆ ಖಂಡಿತ ಗೊತ್ತಾಗಿದೆಯಲ್ಲ.

"ಹಂಗಾದ್ರೆ ಬಾಯಲ್ಲಾದ್ರೂ ಹೇಳೋಣ," ಎಂದು ನಾಣಿ ಚಪ್ಪಲಿ ಬಿಟ್ಟು ಚಪ್ಪಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಗಂಟಲು ಸರಿಮಾಡಿಕೊಂಡ. "ಅಜ್ಜೀ, ನಿಮ್ಮಮ್ಮ ನಿನ್ನ ಬಿಟ್ಟು ಓಡೋಗ್ಲಿಲ್ವಂತೆ ಕಣಜ್ಜೀ."

ಹೈವೇಯಲ್ಲಿ ಲಾರಿಯೊಂದು ಉದ್ದಕ್ಕೆ ಹಾರನ್ ಹೊಡೆದುಕೊಂಡು ಹೋಯಿತು. ಅವನು ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ನಾಣಿ," ಎಂದೆ. "ಅದು ಎಡಗಿವಿ ಕಡೆ."

ಅವನು ನನ್ನನ್ನು ನೋಡಿದ, ಚಪ್ಪಡಿಯನ್ನು ನೋಡಿದ. ಮಂಡಿಗೆ ಕೈಯೂರಿ ಎದ್ದು, ಸುತ್ತು ಹಾಕಿ ಬಲಕ್ಕೆ ಹೋಗಿ, ಬಾಯಿಗೆ ಎರಡೂ ಕೈ ಅಡ್ಡ ಇಟ್ಟುಕೊಂಡು, ಮತ್ತೆ ಮೊದಲಿನಿಂದ ಹೇಳಿದ.